ಓದುಗರ ಪ್ರಶ್ನೆ: ಊರಿನವರೇ ಮಾಲೀಕರಾದ ಗ್ರೀನ್ ಬೇ ಪ್ಯಾಕರ್ಸ್

ಪ್ರಶ್ನೆ: ವಿಸ್ಕಾನ್ಸಿನ್‌ನಲ್ಲಿರುವ ಮಗಳು 2021ರ ಕೊನೆಯಲ್ಲಿ 300 ಡಾಲರ್ ಕೊಟ್ಟು ಗ್ರೀನ್ ಬೇ ಪ್ಯಾಕರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಒಂದು ಷೇರು ಕೊಂಡಿದ್ದಾಳೆ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದಾಳೆ. ಇದಕ್ಕೆ ಡಿವಿಡೆಂಡ್ ಎಷ್ಟು? ಬೆಲೆ ಏರಿದಾಗ ಮಾರಬಹುದೇ? (ಮೈಸೂರು)

ಉತ್ತರ: ಡಿವಿಡೆಂಡ್ ಇಲ್ಲ. ಬೆಲೆ ಏರುವ ಮಾತೂ ಇಲ್ಲ, ಏಕೆಂದರೆ ಈ ಷೇರಿಗೆ ಮಾರುಕಟ್ಟೆಯೇ ಇಲ್ಲ. ಮನೆಯವರಿಗೆ ಉಡುಗೊರೆಯಾಗಿ ಕೊಡಬಹುದು, ವಾರಸುದಾರರಿಗೆ ಬಿಟ್ಟುಹೋಗಬಹುದು. ಹೊರಗಿನವರಿಗೆ ಮಾರುವಂತಿಲ್ಲ. ತಂಡಕ್ಕೇ ಹಿಂತಿರುಗಿಸಿದರೆ ಸಿಗುವುದು ಕೊಟ್ಟ ಹಣದ ಚೂರುಪಾರು ಅಷ್ಟೇ. ಪಂದ್ಯದ ಟಿಕೆಟ್‌ಗೂ ಇದರಿಂದ ಆದ್ಯತೆ ಸಿಗದು. ಸೀಸನ್ ಟಿಕೆಟ್‌ಗೆ ಒಂದು ಲಕ್ಷಕ್ಕೂ ಹೆಚ್ಚು ಜನ ಕಾಯುತ್ತಿದ್ದಾರೆ, ನಿಮ್ಮ ಮಗಳೂ ಆ ಸಾಲಿನ ಕೊನೆಯಲ್ಲೇ ನಿಲ್ಲಬೇಕು. ಸಿಗುವುದು ಒಂದು ಮತ, ಮತ್ತು ವರ್ಷಕ್ಕೊಮ್ಮೆ ಲ್ಯಾಂಬೋ ಫೀಲ್ಡ್ ಕ್ರೀಡಾಂಗಣದಲ್ಲಿ ನಡೆಯುವ ಷೇರುದಾರರ ಸಭೆಯಲ್ಲಿ ಒಂದು ಕುರ್ಚಿ. ಹೂಡಿಕೆ ಎಂದುಕೊಂಡರೆ ನಷ್ಟ. ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೊಟ್ಟ ಚಂದಾ ಎಂದುಕೊಂಡರೆ ಲೆಕ್ಕ ಸರಿಹೋಗುತ್ತದೆ. ಕಟ್ಟು ಹಾಕಿಸಿದ್ದು ಒಳ್ಳೆಯದೇ ಆಯಿತು.

ಪ್ರಶ್ನೆ: ಬರೀ ಒಂದು ಲಕ್ಷ ಜನಸಂಖ್ಯೆಯ ಗ್ರೀನ್ ಬೇ ಊರು ನ್ಯೂಯಾರ್ಕ್, ಷಿಕಾಗೊಗಳ ಎದುರು ನೂರು ವರ್ಷ ತಂಡ ಉಳಿಸಿಕೊಂಡದ್ದು ಹೇಗೆ? (ಶಿವಮೊಗ್ಗ)

ಉತ್ತರ: ಅಭಿಮಾನದಿಂದ ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ.

1919ರಲ್ಲಿ ಕರ್ಲಿ ಲ್ಯಾಂಬೋ ಮತ್ತು ಪತ್ರಕರ್ತ ಜಾರ್ಜ್ ಕಾಲ್ಹೂನ್ ತಂಡ ಕಟ್ಟಿದರು. ಲ್ಯಾಂಬೋ ಕೆಲಸಕ್ಕಿದ್ದ ಇಂಡಿಯನ್ ಪ್ಯಾಕಿಂಗ್ ಕಂಪನಿ ಜರ್ಸಿಗೆಂದು 500 ಡಾಲರ್ ಕೊಟ್ಟಿತು. ಮಾಂಸವನ್ನು ಡಬ್ಬಿಗೆ ತುಂಬುವ ಕಂಪನಿ ಅದು. ‘ಪ್ಯಾಕರ್ಸ್’ ಹೆಸರು ಬಂದದ್ದು ಅಲ್ಲಿಂದ. 1923ರಲ್ಲಿ ಕೈ ಬರಿದಾದಾಗ 5 ಡಾಲರ್‌ನಂತೆ ಷೇರು ಮಾರಿದರು. ಆಮೇಲೆ ಪ್ರೇಕ್ಷಕನೊಬ್ಬ ಗ್ಯಾಲರಿಯಿಂದ ಬಿದ್ದು ಕೋರ್ಟಿಗೆ ಹೋದ. ಪರಿಹಾರ ಕಟ್ಟಿಕೊಡಬೇಕಿದ್ದ ವಿಮಾ ಕಂಪನಿಯೇ ಮುಳುಗಿತು. ಹಾಗಾಗಿ 1935ರಲ್ಲಿ ಮತ್ತೆ ಷೇರು. 1950, 1997, 2011, 2021ರಲ್ಲೂ ಅದೇ ದಾರಿ. ಒಬ್ಬನ ಕೈಗೆ ಹತೋಟಿ ಹೋಗದಂತೆ ಒಬ್ಬರಿಗೆ ಇಷ್ಟೇ ಷೇರು ಎಂಬ ಮಿತಿಯಿದೆ. ತಂಡವನ್ನು ಮಾರಿದರೂ ಹಣ ಷೇರುದಾರರ ಜೇಬಿಗೆ ಬಾರದೆ ದಾನಕ್ಕೆ ಹೋಗುತ್ತದೆ. ಹಾಗಿದ್ದ ಮೇಲೆ ದೊಡ್ಡ ನಗರಕ್ಕೆ ಮಾರಿ ಲಾಭ ಮಾಡುವ ಆಸೆ ಯಾರಿಗೆ ಹುಟ್ಟೀತು?

ಇನ್ನರ್ಧ ಸತ್ಯ ಟಿವಿ. 1961ರಲ್ಲಿ ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಕಮಿಷನರ್ ಪೀಟ್ ರೋಜೆಲ್ ಎಲ್ಲ ತಂಡಗಳ ಪ್ರಸಾರ ಹಕ್ಕನ್ನು ಒಟ್ಟಾಗಿ ಮಾರಿ, ಬಂದದ್ದನ್ನು ಸಮಪಾಲು ಮಾಡುವ ಪದ್ಧತಿ ತಂದರು. ಅದಕ್ಕಾಗಿ ಅಮೆರಿಕದ ಸಂಸತ್ತು ಅದೇ ವರ್ಷ ಕಾನೂನನ್ನೂ ಮಾಡಿತು. ನ್ಯೂಯಾರ್ಕ್‌ಗೆ ಎಷ್ಟೋ ಗ್ರೀನ್ ಬೇಗೂ ಅಷ್ಟೇ. 1994ರಿಂದ ಆಟಗಾರರ ಸಂಬಳಕ್ಕೂ ಮಿತಿ ಬಂತು. ಇವೆರಡು ಇಲ್ಲದಿದ್ದರೆ ಎಷ್ಟು ಷೇರು ಮಾರಿದರೂ ಸಾಲುತ್ತಿರಲಿಲ್ಲ. ಈಗಿನ ಎನ್‌ಎಫ್‌ಎಲ್ ನಿಯಮ ಇಂಥ ಒಡೆತನವನ್ನು ಬೇರೆ ಯಾವ ತಂಡಕ್ಕೂ ಬಿಡುವುದಿಲ್ಲ. ಪ್ಯಾಕರ್ಸ್‌ಗೆ ಮಾತ್ರ ಹಳೆಯ ವಿನಾಯಿತಿ.

ಪ್ರಶ್ನೆ: ‘ಐಸ್ ಬೌಲ್’ ಪಂದ್ಯದಲ್ಲಿ ಮೈದಾನದಡಿ ಹೀಟರ್ ಇದ್ದೂ ನೆಲ ಹೆಪ್ಪುಗಟ್ಟಿದ್ದೇಕೆ? (ಧಾರವಾಡ)

ಉತ್ತರ: 1967ರ ಡಿಸೆಂಬರ್ 31, ಎದುರಾಳಿ ಡಲ್ಲಾಸ್ ಕೌಬಾಯ್ಸ್, ಉಷ್ಣಾಂಶ ಸೊನ್ನೆಗಿಂತ 25 ಡಿಗ್ರಿ ಸೆಲ್ಸಿಯಸ್ ಕೆಳಗೆ. ಪ್ಯಾಕರ್ಸ್ ಕೋಚ್ ವಿನ್ಸ್ ಲೊಂಬಾರ್ಡಿ ಅದೇ ವರ್ಷ ಸುಮಾರು 80,000 ಡಾಲರ್ ಖರ್ಚಿನಲ್ಲಿ ಹುಲ್ಲಿನಡಿ ವಿದ್ಯುತ್ ತಂತಿ ಹೂಳಿಸಿದ್ದರು. ರಾತ್ರಿ ಮೇಲೆ ಟಾರ್ಪಾಲು ಹೊದಿಸಿದ್ದರು. ಬೆಚ್ಚಗಿನ ನೆಲದ ತೇವ ಹೊದಿಕೆಯ ಕೆಳಗೇ ನಿಂತಿತು. ಹೊದಿಕೆ ತೆಗೆದದ್ದೇ ತಡ, ಆ ಪಸೆ ಗಾಜಿನಂತೆ ಗಟ್ಟಿಯಾಯಿತು. ಅಂಪೈರುಗಳ ಲೋಹದ ಸೀಟಿ ತುಟಿಗೆ ಅಂಟಿಕೊಂಡಿತು. ಆಮೇಲೆ ಕೂಗಿಯೇ ಆಟ ನಡೆಸಿದರು.

ಕೊನೆಯ 16 ಸೆಕೆಂಡ್. ಡಲ್ಲಾಸ್ 17, ಪ್ಯಾಕರ್ಸ್ 14. ಚೆಂಡು ಹೊತ್ತು ದಾಟಿದರೆ ಟಚ್‌ಡೌನ್ ಆಗಿ ಗೆಲುವು ತರುವ ಗೆರೆಗೆ ಎರಡು ಅಡಿಯಷ್ಟೇ ದೂರ, ಗಡಿಯಾರ ನಿಲ್ಲಿಸುವ, ಟೈಮ್‌ಔಟ್ ಮುಗಿದಿದೆ. ಫೀಲ್ಡ್ ಗೋಲ್ ಒದ್ದರೆ 3 ಅಂಕ, ಪಂದ್ಯ ಸಮ. ಓಡಿ ಸಿಕ್ಕಿಬಿದ್ದರೆ ಇನ್ನೊಂದು ಅವಕಾಶಕ್ಕೆ ಸಮಯವೇ ಸಾಲದು. ಚೆಂಡು ಹಿಡಿದು ಓಡಬೇಕಾದವರು ಹಿಂದಿನಿಂದ ಬರುವಾಗ ಜಾರುತ್ತಿದ್ದರು. ಅದಕ್ಕೇ ಕ್ವಾರ್ಟರ್‌ಬ್ಯಾಕ್ (ಆಟ ನಡೆಸುತ್ತ ಚೆಂಡು ಎಸೆಯುವ, ಹಂಚುವ ಆಟಗಾರ) ಬಾರ್ಟ್ ಸ್ಟಾರ್ ಯಾರಿಗೂ ಚೆಂಡು ಕೊಡಲಿಲ್ಲ. ಜೆರ್ರಿ ಕ್ರೇಮರ್, ಕೆನ್ ಬೋಮನ್ ಎದುರಿನ ಜೆತ್ರೊ ಪ್ಯೂನನ್ನು ತಳ್ಳಿ ಮಾಡಿಕೊಟ್ಟ ಸಂದಿಯಲ್ಲಿ ತಾನೇ ನುಗ್ಗಿದ. 21–17. ಸತತ ಮೂರನೆಯ ಲೀಗ್ ಪ್ರಶಸ್ತಿ.

ಪ್ರಶ್ನೆ: ಲೊಂಬಾರ್ಡಿ ಹೋದಮೇಲೆ ತಂಡ ಅಷ್ಟು ವರ್ಷ ಮಲಗಿದ್ದೇಕೆ? (ಬೆಂಗಳೂರು)

ಉತ್ತರ: ಮುಖ್ಯ ಕಾರಣ, ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಇಲ್ಲದ್ದು ಮತ್ತು ಅದಕ್ಕಾಗಿ ಅವಸರಪಟ್ಟದ್ದು. 1968ರಿಂದ 1992ರ ವರೆಗೆ ಪ್ಲೇಆಫ್ ಕಂಡದ್ದು ಎರಡೇ ಸಲ, 1972 ಮತ್ತು 1982. 1974ರಲ್ಲಿ 34 ವರ್ಷದ ಜಾನ್ ಹ್ಯಾಡ್ಲ್‌ನನ್ನು ತರಲು, ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನ ಐದು ಆಯ್ಕೆಗಳನ್ನು ಬಿಟ್ಟುಕೊಟ್ಟರು: ಎರಡು ಮೊದಲ ಸುತ್ತಿನವು, ಎರಡು ಎರಡನೆಯದು, ಒಂದು ಮೂರನೆಯದು. ಬೀಜದ ಭತ್ತ ಬೇಯಿಸಿ ಉಂಡಂತಾಯಿತು. ಆತ ಪ್ಯಾಕರ್ಸ್‌ಗಾಗಿ ಎಸೆದ ಟಚ್‌ಡೌನ್ 9, ಎದುರಾಳಿಗಳು ಹಿಡಿದ ಚೆಂಡು 29. 1992ರಲ್ಲಿ ತಂಡದ ಜನರಲ್ ಮ್ಯಾನೇಜರ್ ರಾನ್ ವುಲ್ಫ್ ಒಂದೇ ಒಂದು ಮೊದಲ ಸುತ್ತಿನ ಆಯ್ಕೆ ಕೊಟ್ಟು ಅಟ್ಲಾಂಟಾದಿಂದ ಬ್ರೆಟ್ ಫಾರ್ವ್‌ನನ್ನು ತಂದರು. 1996ರ ಸೀಸನ್‌ನಲ್ಲಿ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನ ಗೆಲುವು ಬಂತು.

ಪ್ರಶ್ನೆ: 2010ರ ಸೀಸನ್ ಬಳಿಕ ಸೂಪರ್ ಬೌಲ್ ಏಕಿಲ್ಲ? ಆರನ್ ರಾಜರ್ಸ್‌ನಂಥ ಕ್ವಾರ್ಟರ್‌ಬ್ಯಾಕ್ ಇದ್ದನಲ್ಲ! (ಹಾಸನ)

ಉತ್ತರ: ಇದ್ದ. ಸೂಪರ್ ಬೌಲ್‌ಗೆ ಒಂದೇ ಮೆಟ್ಟಿಲು ಬಾಕಿಯಿದ್ದಾಗ 2014, 2016, 2019, 2020ರ ಸೀಸನ್‌ಗಳಲ್ಲಿ ನಾಲ್ಕು ಸಲ ಎಡವಿದರು. ಹೆಚ್ಚು ನೋಯುವುದು ಮೊದಲನೆಯದು. ಸಿಯಾಟಲ್‌ನಲ್ಲಿ ಅರ್ಧ ಪಂದ್ಯಕ್ಕೆ 16–0 ಮುಂದೆ. ಕೊನೆಗೆ ಎರಡು ನಿಮಿಷ ಚಿಲ್ಲರೆ ಉಳಿದಾಗಲೂ 19–14. ಸಿಯಾಟಲ್ ಚೆಂಡನ್ನು ಗಿಡ್ಡವಾಗಿ ಒದ್ದು ತಾನೇ ಹಿಡಿಯುವ ಪ್ರಯತ್ನ ಮಾಡಿತು. ಪ್ಯಾಕರ್ಸ್ ಆಟಗಾರ ಬ್ರಾಂಡನ್ ಬಾಸ್ಟಿಕ್‌ಗೆ ವಹಿಸಿದ್ದು ನುಗ್ಗಿ ಬರುವವರನ್ನು ತಡೆಯುವ ಕೆಲಸ. ಹಿಡಿಯಲು ಹಿಂದೆ ಜಾರ್ಡಿ ನೆಲ್ಸನ್ ಇದ್ದ. ಬಾಸ್ಟಿಕ್ ತಾನೇ ಜಿಗಿದ. ಚೆಂಡು ಕೈಗೆ ನಿಲ್ಲದೆ ಪುಟಿದು ಸಿಯಾಟಲ್ ಪಾಲಾಯಿತು. ಹೆಚ್ಚುವರಿ ಸಮಯದಲ್ಲಿ 28–22ಕ್ಕೆ ಸೋಲು.