ಮೇಷ್ಟ್ರ ಮೆಸೇಜಿಗೆ ಕೆಂಪು ಗೆರೆ

ಚುನಾವಣೆ ಮುಗಿದು ಎಷ್ಟೋ ದಿನವಾದರೂ ಮನೆಯೊಳಗಿನ ಚುನಾವಣೆ ಮುಗಿದಿರುವುದಿಲ್ಲ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಅದರದ್ದೇ ಗೋಳು. ನಾಲ್ಕನ್ನು ಆರಿಸಿಕೊಂಡಿದ್ದೇನೆ. ಯಾವ ಪಕ್ಷ ಸರಿ ಅಂತ ಕೇಳಿ ಬರೆದವರು ಕ್ಷಮಿಸಿ, ನಮ್ಮ ಮನೆಯಲ್ಲೇ ಅದು ಇನ್ನೂ ತೀರ್ಮಾನ ಆಗಿಲ್ಲ.

ಅಕ್ಕ, ನಾನು ಬೆಂಗಳೂರಿನಲ್ಲಿ ಐಟಿ ಕೆಲಸದಲ್ಲಿದ್ದೇನೆ. ಅಪ್ಪ ರಿಟೈರ್ಡ್ ಮೇಷ್ಟ್ರು, ಊರಲ್ಲಿದ್ದಾರೆ. ಬೆಳಗಾದರೆ ಫ್ಯಾಮಿಲಿ ಗ್ರೂಪ್‌ಗೆ ರಾಜಕೀಯದ ಫಾರ್ವರ್ಡ್ ಹಾಕುತ್ತಾರೆ. ಹೋದ ತಿಂಗಳು ಒಂದು ಸೇತುವೆಯ ಫೋಟೋ ಹಾಕಿ ‘ನಮ್ಮ ಸರ್ಕಾರದ ಸಾಧನೆ’ ಅಂದಿದ್ದರು. ಅದು ನಮ್ಮ ದೇಶದ್ದೇ ಅಲ್ಲ. ಫೋಟೋದಲ್ಲಿದ್ದ ಬೋರ್ಡಿಗೆ ಕೆಂಪು ಗೆರೆ ಸುತ್ತಿ ಅದೇ ಗ್ರೂಪ್‌ಗೆ ವಾಪಸ್ ಹಾಕಿದೆ. ಚಿಕ್ಕಪ್ಪನ ಮಗ ನಗುವ ಎಮೋಜಿ ಒತ್ತಿದ. ಅವತ್ತಿನಿಂದ ಅಪ್ಪ ಮಾತು ಬಿಟ್ಟಿದ್ದಾರೆ. ಫೋನ್ ಮಾಡಿದರೆ ‘ಅಮ್ಮಂಗೆ ಕೊಡ್ತೀನಿ’ ಅಂತಾರೆ. ನಿಜ ಹೇಳಿದ್ದು ತಪ್ಪಾ?

ನಿಜ ಹೇಳಿದ್ದು ತಪ್ಪಲ್ಲ ಕಣಮ್ಮ. ಹೇಳಿದ ಜಾಗ ತಪ್ಪು. ಮತ್ತೆ ಆ ಕೆಂಪು ಗೆರೆ! ಜೀವಮಾನವಿಡೀ ಮಕ್ಕಳ ನೋಟ್‌ಬುಕ್ಕಿನಲ್ಲಿ ಕೆಂಪು ಇಂಕಿನ ಸುತ್ತು ಹಾಕಿದ ಮನುಷ್ಯ. ಅವರ ತಪ್ಪಿಗೆ ನೀನು ಅದೇ ಬಣ್ಣದ ಸುತ್ತು ಹಾಕಿ, ಅವರ ತಮ್ಮ, ತಮ್ಮನ ಮಗ, ಬೀಗರು ಎಲ್ಲರೂ ಇರುವ ಕಡೆ ತೋರಿಸಿದ್ದೀಯ. ನೀನು ತಿದ್ದಿದ್ದು ಸೇತುವೆಯ ಫೋಟೋ. ಅವರಿಗೆ ಕಂಡಿದ್ದು ತರಗತಿಯ ಮುಂದೆ ನಿಲ್ಲಿಸಿದ ಹಾಗೆ. ಆ ಎಮೋಜಿ ಇಲ್ಲದಿದ್ದರೆ ಬಹುಶಃ ಎರಡು ದಿನಕ್ಕೆ ಸರಿಹೋಗುತ್ತಿತ್ತು.

ಹಾಗಂತ ಸುಳ್ಳು ಫೋಟೋ ಬಂದಾಗ ಬಾಯಿ ಮುಚ್ಚಿಕೊಂಡಿರು ಅಂತ ಹೇಳುತ್ತಿಲ್ಲ. ನಿಮ್ಮಮ್ಮ ಅದನ್ನೇ ಹೇಳಿರುತ್ತಾರೆ, ಅಲ್ವಾ? ಅಮ್ಮಂದಿರ ಮೊದಲ ಸಲಹೆಯೇ ‘ಸುಮ್ನಿರೋಕಾಗಲ್ವಾ ನಿಂಗೆ’. ಊರಿಗೆ ಹೋದಾಗ, ಅಥವಾ ಬರೀ ಅವರ ನಂಬರಿಗೆ, ಕೇಳುವ ಹಾಗೆ ಹೇಳಬಹುದು. ‘ಅಪ್ಪ, ಇದು ಎಲ್ಲಿಂದ ಬಂತು?’ ಅಂತ. ವಾಟ್ಸಾಪ್‌ನಲ್ಲಿ ಮೆಸೇಜಿನ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಐದಾರು ಕೈ ದಾಟಿ ಬಂದದ್ದು ಅಂತ ಅರ್ಥ. ಕಳಿಸಿದವರೂ ಬರೆದದ್ದಲ್ಲ, ಅವರಿಗೆ ಕಳಿಸಿದವರೂ ಬರೆದದ್ದಲ್ಲ. 2020ರಿಂದ ಅಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗೋ ಒಂದು ಗ್ರೂಪಿಗೋ ಮಾತ್ರ ಕಳಿಸಲು ಬಿಡುತ್ತಾರೆ. ಈ ಬಾಣದ ವಿಷಯ ಹೇಳಿಕೊಡು. ಮೇಷ್ಟ್ರುಗಳಿಗೆ ಹೊಸದು ಕಲಿಯುವುದು ಇಷ್ಟ, ತಪ್ಪು ತೋರಿಸಿಕೊಳ್ಳುವುದು ಇಷ್ಟವಿಲ್ಲ. ಆಮೇಲೆ ಅವರೇ ಗ್ರೂಪ್‌ನಲ್ಲಿ ಬೇರೆಯವರ ಮೆಸೇಜಿನ ಬಾಣ ಎಣಿಸಲು ಶುರು ಮಾಡಿದರೆ ನನ್ನನ್ನು ಬೈಯಬೇಡ.

ಫಾರ್ವರ್ಡ್ ಇರಲಿ, ಅದು ಮೇಲಿನ ಮಾತು. ಅಪ್ಪನ ಒಲವು ಎಲ್ಲಿಂದ ಬಂತು ಅಂತ ಯಾವತ್ತಾದರೂ ಕೇಳಿದ್ದೀಯಾ?

ನಮ್ಮ ಮನೆಯದ್ದೇ ಹೇಳುತ್ತೇನೆ. ನಾವು ಸಾಗರದ ಕಡೆಯವರು. ನಮ್ಮಜ್ಜ ಗೇಣಿದಾರ. ಗದ್ದೆ ಬೇರೆಯವರದು, ಬೆವರು ಇವರದು, ಸುಗ್ಗಿ ಮುಗಿದ ಮೇಲೆ ಗೇಣಿ ಭತ್ತ ಅಳೆದು ಕೊಟ್ಟು ಉಳಿದದ್ದರಲ್ಲಿ ಮಳೆಗಾಲ ಕಳೆಯಬೇಕು. 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ಉಳುವವನೇ ಹೊಲದೊಡೆಯ. ಗೇಣಿದಾರ ಫಾರಂ ನಂಬರ್ 7ರಲ್ಲಿ ಅರ್ಜಿ ಹಾಕಬೇಕು, ಭೂನ್ಯಾಯಮಂಡಳಿ ವಿಚಾರಣೆ ಮಾಡಿ ತೀರ್ಪು ಕೊಡುತ್ತದೆ. ನಮ್ಮ ಕಡೆ ಅದಕ್ಕೆ ‘ಡಿಕ್ಲರೇಷನ್ ಹಾಕೋದು’ ಅಂತಿದ್ದರು. ನಾನಾಗ ಸಣ್ಣವಳು. ಅಜ್ಜ ಆ ಕಾಗದವನ್ನು ಟ್ರಂಕಿನಲ್ಲಿ, ಪಂಚೆಯ ಮಡಿಕೆಯೊಳಗೆ ಇಟ್ಟಿದ್ದರು. ಆಯುಧಪೂಜೆಯ ದಿನ ನೇಗಿಲಿಗೆ, ಕತ್ತಿಗೆ ಕುಂಕುಮ ಹಚ್ಚಿದ ಮೇಲೆ ಅದನ್ನೂ ತೆಗೆದು ಪಕ್ಕದಲ್ಲಿಟ್ಟು ಒಂದು ಹೂ ಹಾಕುತ್ತಿದ್ದರು. ಅವರು ಸಾಯುವವರೆಗೂ ಒಂದೇ ಪಕ್ಷಕ್ಕೆ ವೋಟು ಹಾಕಿದರು. ಅಭ್ಯರ್ಥಿ ಯಾರು ಅಂತ ಕೇಳುತ್ತಲೂ ಇರಲಿಲ್ಲ.

ಈಗ ಮದುವೆಯಾಗಿ ಬಂದ ಮನೆಯ ಕಥೆ ಕೇಳು. ನಮ್ಮತ್ತೆಯ ತವರಿನಲ್ಲಿ ಗಂಡ ತೀರಿಹೋದ ಒಬ್ಬ ಸೋದರತ್ತೆ ಇದ್ದರು. ಅವರಿಗಿದ್ದದ್ದು ಎರಡು ಎಕರೆ. ಉಳುವವರಿಲ್ಲ ಅಂತ ಗೇಣಿಗೆ ಕೊಟ್ಟಿದ್ದರು. ಅದೇ ಕಾಯ್ದೆ, ಅದೇ ಫಾರಂ 7. ಗದ್ದೆ ಹೋಯಿತು. ಆಕೆ ಕೊನೆಯವರೆಗೂ ತಮ್ಮನ ಮನೆಯಲ್ಲಿ ಅಡುಗೆ ಮಾಡಿಕೊಂಡು ಉಳಿದರು. ನಮ್ಮತ್ತೆಯ ಮುಂದೆ ಇವತ್ತಿಗೂ ಆ ಪಕ್ಷದ ಹೆಸರು ಎತ್ತುವ ಹಾಗಿಲ್ಲ.

ನಾನು ಮದುವೆಯಾದ ಹೊಸದರಲ್ಲಿ ಅತ್ತೆಯ ಜೊತೆ ಬೇಕಾದಷ್ಟು ವಾದ ಮಾಡಿದ್ದೇನೆ. ಎಷ್ಟು ಸಾವಿರ ಕುಟುಂಬಕ್ಕೆ ಭೂಮಿ ಸಿಕ್ಕಿತು ಗೊತ್ತಾ ಅಂತ. ಒಂದು ದಿನ ಹಲಸಿನ ಹಪ್ಪಳಕ್ಕೆ ತೊಳೆ ಬಿಡಿಸುತ್ತಾ ಕೂತಿದ್ದಾಗ ಅವರೇ ಸೋದರತ್ತೆಯ ಕಥೆ ಹೇಳಿದರು. ಹೇಳಿ ಮುಗಿಸಿ, ‘ನಿಮ್ಮಜ್ಜಂಗೆ ಸಿಕ್ತಲ್ಲ, ಅದು ಯಾರ್ದೋ ಗದ್ದೆನೇ ಅಲ್ದಾ?’ ಅಂದರು. ನನ್ನ ಕೈಗೆಲ್ಲ ಹಲಸಿನ ಮೇಣ, ಎದ್ದು ಹೋಗುವ ಹಾಗೂ ಇಲ್ಲ. ಆ ಕಾಯ್ದೆ ಬೇಕಿತ್ತು ಅಂತಲೇ ನಾನು ಈಗಲೂ ಹೇಳುತ್ತೇನೆ. ಅತ್ತೆ ಒಪ್ಪುವುದಿಲ್ಲ. ಆದರೆ ಅವರು ತಿಳಿಯದೆ ಮಾತಾಡುತ್ತಾರೆ ಅಂತ ಅವತ್ತಿನಿಂದ ನನಗೆ ಅನ್ನಿಸಿಲ್ಲ.

ನಿಮ್ಮಪ್ಪನಿಗೂ ಇಂಥದ್ದೊಂದು ಗದ್ದೆ ಇದ್ದೇ ಇರುತ್ತದೆ. ಅಥವಾ ಒಂದು ವರ್ಗಾವಣೆ, ಯಾರೋ ಕೊಡಿಸಿದ ಹಾಸ್ಟೆಲ್ ಸೀಟು, ತುರ್ತು ಪರಿಸ್ಥಿತಿಯಲ್ಲಿ ಜೈಲಿಗೆ ಹೋದ ಸ್ನೇಹಿತ. ‘ಯಾಕೆ ಅವರಿಗೆ ಹಾಕ್ತೀರ?’ ಅಂತ ಕೇಳಬೇಡ, ಅದು ಪಾಟೀಸವಾಲು. ‘ಮೊದಲನೇ ಸಲ ವೋಟು ಹಾಕಿದ್ದು ಯಾವಾಗ, ಎಲ್ಲಿ?’ ಅಂತ ಕೇಳು. ಅವರ ಕಾಲಕ್ಕೆ 21 ತುಂಬಬೇಕಿತ್ತು. 18 ಆಗಿದ್ದು 1989ರಲ್ಲಿ. ಅಲ್ಲಿಂದ ಮಾತು ತಾನಾಗಿ ಬರುತ್ತದೆ.

ಮೊದಲು ಒಂದು ಕೆಲಸ ಮಾಡು. ಗ್ರೂಪ್‌ನಲ್ಲಿ ಹಾಕಿದ್ದು ಸರಿಯಲ್ಲ ಅಂತ ಅವರೊಬ್ಬರಿಗೇ ಹೇಳು. ಸೇತುವೆಯ ಸುದ್ದಿ ಮಾತ್ರ ಎತ್ತಬೇಡ, ಅದು ಎಲ್ಲಿದೆ ಅಂತ ಅವರಿಗೂ ಗೊತ್ತಾಗಿದೆ.

ಇನ್ನೊಂದು ಮಾತು. ಫಾರ್ವರ್ಡ್ ಯಾವುದೋ ಜಾತಿಯನ್ನೋ ಧರ್ಮವನ್ನೋ ಹೀಯಾಳಿಸುವಂಥದ್ದಾದರೆ ಈ ನಯ ನಾಜೂಕೆಲ್ಲ ಬೇಕಿಲ್ಲ. ‘ಅಪ್ಪ, ಇದನ್ನ ನನಗೆ ಕಳಿಸಬೇಡಿ’ ಅಂತ ನೇರವಾಗಿ ಹೇಳು. ಅವರು ಪಾಠ ಹೇಳಿದ ಮಕ್ಕಳಲ್ಲಿ ಎಲ್ಲ ಕೇರಿಯವರೂ ಇದ್ದರು ಅಂತ ನೆನಪಿಸು.

ನನಗೆ 18 ತುಂಬಿತು, ವೋಟರ್ ಐಡಿ ಬಂದಿದೆ. ಅಪ್ಪ ಪಕ್ಷದ ಕೆಲಸದಲ್ಲಿ ಓಡಾಡುತ್ತಾರೆ. ಎಲೆಕ್ಷನ್ ದಿನ ನಮ್ಮ ಬೂತಿನಲ್ಲೇ ಏಜೆಂಟ್ ಆಗಿ ಕೂರುತ್ತಾರೆ. ನಾನು ಬೇರೆಯವರಿಗೆ ಹಾಕಿದರೆ ಅವರಿಗೆ ಗೊತ್ತಾಗುತ್ತಾ ಮೇಡಂ?

ಗೊತ್ತಾಗುವುದಿಲ್ಲ. ನೀನು ಬಂದೆ ಅಂತ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ, ಅಷ್ಟೇ. ಮೆಷಿನ್ ಇರುವುದು ಮರೆಯಲ್ಲಿ. ಪಕ್ಕದ ವಿವಿಪ್ಯಾಟ್‌ನಲ್ಲಿ ಯಾರಿಗೆ ಒತ್ತಿದೆ ಅಂತ ತೋರಿಸುವ ಚೀಟಿ 7 ಸೆಕೆಂಡು ನಿನಗೊಬ್ಬನಿಗೇ ಕಂಡು ಡಬ್ಬಿಗೆ ಬೀಳುತ್ತದೆ. ‘ಬೀಪ್’ ಸದ್ದು ಹೊರಗೆ ಕೇಳುತ್ತದೆ ನಿಜ, ಯಾರಿಗೆ ಒತ್ತಿದರೂ ಅದೇ ಬೀಪ್. ಎಣಿಕೆಯಾದ ಮೇಲೆ ಬೂತಿನಲ್ಲಿ ಯಾರಿಗೆ ಎಷ್ಟು ಬಿತ್ತು ಅನ್ನುವುದು ತಿಳಿಯುತ್ತದೆ. ‘ನಮ್ಮ ಬೂತಿನಲ್ಲೇ ಕಡಿಮೆ ಬಿದ್ದಿದೆ’ ಅಂತ ಅಪ್ಪ ಗೊಣಗಬಹುದು. ಯಾರ ವೋಟು ಕಡಿಮೆಯಾಯಿತು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ.

ಒಳಗೆ ಹೋಗಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಬಾ ಅಂತ ಯಾರಾದರೂ ಹೇಳಿದರೆ, ಅಪ್ಪನೇ ಆಗಲಿ, ಆಗಲ್ಲ ಅನ್ನು. ಮತದ ಗುಟ್ಟು ಕಾಪಾಡುವುದು 1951ರ ಜನಪ್ರಾತಿನಿಧ್ಯ ಕಾಯ್ದೆಯಲ್ಲೇ ಇದೆ. ಗುಟ್ಟು ಬಿಟ್ಟುಕೊಟ್ಟ ಏಜೆಂಟಿಗೆ 3 ತಿಂಗಳವರೆಗೆ ಜೈಲು ಆಗಬಹುದು, ಅಪ್ಪ ಅಂತ ರಿಯಾಯಿತಿ ಇಲ್ಲ. ಮನೆಯಲ್ಲಿ ‘ಯಾರಿಗೆ ಹಾಕಿದೆ?’ ಅಂದರೆ ಸುಳ್ಳು ಹೇಳಬೇಕಾಗಿಯೂ ಇಲ್ಲ. ‘ಹಾಕಿ ಬಂದೆ’ ಅಂತ ಬೆರಳು ತೋರಿಸು, ತಟ್ಟೆ ಎಳೆದುಕೋ.

ನಾನು ಹಾವೇರಿ ಜಿಲ್ಲೆಯ ರೈತ. ಎಂಎಲ್‌ಎಗೆ ಒಂದು ಪಕ್ಷ, ಎಂಪಿಗೆ ಇನ್ನೊಂದು ಪಕ್ಷ ನೋಡಿ ವೋಟು ಹಾಕುತ್ತೇನೆ. ಓದಿದ ಮಗ ‘ನಿಮಗೊಂದು ಸಿದ್ಧಾಂತವೇ ಇಲ್ಲ’ ಅಂತ ನೆಂಟರ ಮುಂದೆ ಆಡಿಕೊಳ್ಳುತ್ತಾನೆ.

ನಿಮ್ಮ ಮಗನಿಗೆ ನಮ್ಮ ರಾಜ್ಯದ ಒಂದು ಕಥೆ ಹೇಳಿ ಯಜಮಾನರೇ. 1984ರ ಡಿಸೆಂಬರ್. ಇಂದಿರಾ ಗಾಂಧಿ ತೀರಿಕೊಂಡ ಮೇಲಿನ ಲೋಕಸಭಾ ಚುನಾವಣೆ. ಕರ್ನಾಟಕದ 28ರಲ್ಲಿ 24 ಸೀಟು ಕಾಂಗ್ರೆಸ್‌ಗೆ ಹೋಯಿತು. ಆಗ ಇಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರ. ಜನರೇ ಬೇಡ ಅಂದ ಮೇಲೆ ಕೂರುವುದು ಸರಿಯಲ್ಲ ಅಂತ ಅವರು ರಾಜೀನಾಮೆ ಕೊಟ್ಟು ಮತ್ತೆ ಚುನಾವಣೆಗೆ ಹೋದರು. 1985ರ ಮಾರ್ಚ್‌ನಲ್ಲಿ ಅದೇ ಜನ 224ರಲ್ಲಿ 139 ಸೀಟು ಜನತಾ ಪಕ್ಷಕ್ಕೆ ಕೊಟ್ಟರು. ನಡುವೆ ಇದ್ದದ್ದು ಬರೀ ಮೂರು ತಿಂಗಳು! ಅಷ್ಟರಲ್ಲಿ ಜನಕ್ಕೆ ಸಿದ್ಧಾಂತ ಮರೆತುಹೋಯಿತಾ? ದಿಲ್ಲಿಗೆ ಯಾರು, ಬೆಂಗಳೂರಿಗೆ ಯಾರು ಅಂತ ಬೇರೆ ಬೇರೆ ಯೋಚನೆ ಮಾಡಿ ಸೀಲು ಒತ್ತಿದರು. ನೀವು ಮಾಡುತ್ತಿರುವುದೂ ಅದೇ.

ಆದರೆ ನಿಮಗೂ ಒಂದು ಮಾತು. ಯಾಕೆ ಹಾಗೆ ಹಾಕಿದಿರಿ ಅಂತ ಮಗನಿಗೆ ಬಿಡಿಸಿ ಹೇಳಿದ್ದೀರಾ? ‘ನಿನಗೇನು ಗೊತ್ತು ಹೋಗೋ’ ಅಂತ ಬಾಯಿ ಮುಚ್ಚಿಸಿದ್ದರೆ, ಅವನು ನೆಂಟರ ಮುಂದೆ ತೀರಿಸಿಕೊಳ್ಳುತ್ತಿದ್ದಾನೆ ಅಂತಲೇ ಲೆಕ್ಕ. ಬೆಳೆ ವಿಮೆ, ಕಾಲುವೆ ನೀರು, ಮೆಕ್ಕೆಜೋಳದ ರೇಟು, ಇವುಗಳ ಮೇಲೆ ನೀವು ಲೆಕ್ಕ ಹಾಕುವುದನ್ನು ಅವನೊಮ್ಮೆ ಕೇಳಲಿ.

ಫ್ಯಾಮಿಲಿ ಗ್ರೂಪ್‌ನಿಂದ ಸದ್ದಿಲ್ಲದೆ ಹೊರಗೆ ಬಂದರೆ ತಪ್ಪಾ?

ಈಗ ಗ್ರೂಪ್ ಬಿಟ್ಟರೆ ಅಡ್ಮಿನ್‌ಗೆ ಮಾತ್ರ ಸೂಚನೆ ಹೋಗುತ್ತದೆ. ಆದರೆ ನಿಮ್ಮ ಗ್ರೂಪಿನ ಅಡ್ಮಿನ್ ಯಾರು? ನಮ್ಮದಕ್ಕೆ ದೊಡ್ಡ ನಾದಿನಿ. ಮಧ್ಯಾಹ್ನ ಬಿಟ್ಟರೆ ಸಂಜೆ ಕಾಫಿ ಹೊತ್ತಿಗೆ ಶಿರಸಿಯವರೆಗೂ ಸುದ್ದಿ. ಅದರ ಬದಲು ಮ್ಯೂಟ್ ಮಾಡಿ, ‘ಯಾವಾಗಲೂ’ ಅಂತ ಒತ್ತಿ ಇಟ್ಟುಬಿಡಿ. ವಾರಕ್ಕೊಂದು ಸಲ ಮಾತ್ರ ತೆಗೆದು ನೋಡಿ. ನಾನು ಹಾಗೆ ನೋಡದೆ ನಾದಿನಿಯ ಮೊಮ್ಮಗನ ನಾಮಕರಣ ತಪ್ಪಿಸಿಕೊಂಡೆ. ವೋಟಿನ ವಿಷಯಕ್ಕೆ ಯಾರೂ ನನಗೆ ಅಷ್ಟು ಬೈದಿರಲಿಲ್ಲ.