ಒಂದೇ ಮಳೆಗಾಲಕ್ಕೆ ಸೈಕಲ್‌ನ ಹೆಡ್‌ಸೆಟ್ ಬೇರಿಂಗ್ ಹೋದರೆ ವಾರಂಟಿ ಕೇಳಬಹುದಾ?

ಪ್ರಶ್ನೆ: ಕಲ್ಯಾಣಪುರದಲ್ಲಿದ್ದೇನೆ. ಕಳೆದ ಡಿಸೆಂಬರ್‌ನಲ್ಲಿ ಹೊಸ ಹೈಬ್ರಿಡ್ ಸೈಕಲ್ ಕೊಂಡೆ. ಮಳೆಗಾಲ ಪೂರ್ತಿ ಕೆಲಸಕ್ಕೆ ಮಣಿಪಾಲಕ್ಕೆ ಅದರಲ್ಲೇ ಹೋಗಿ ಬಂದೆ. ಭಾನುವಾರ ಮಲ್ಪೆ ಬೀಚಿನ ಗಟ್ಟಿ ಮರಳಿನ ಮೇಲೂ ಓಡಿಸುವುದುಂಟು. ಈಗ ಹ್ಯಾಂಡಲ್ ನೇರಕ್ಕೆ ಬಂದ ಕೂಡಲೇ ಟಕ್ ಎಂದು ಹಿಡಿದುಕೊಳ್ಳುತ್ತದೆ. ಮುಂದಿನ ಬ್ರೇಕ್ ಒತ್ತಿದರೆ ಕಟಕಟ ಶಬ್ದ. ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಕೀಲು) ಬೇರಿಂಗ್ ಹೋಗಿದೆ, ಬೇರಿಂಗ್‌ಗೆ ವಾರಂಟಿ ಇಲ್ಲ ಎಂದರು ಅಂಗಡಿಯವರು. ಫ್ರೇಮಿಗೆ ಮಾತ್ರ ಲೈಫ್‌ಟೈಮ್ ವಾರಂಟಿ ಇದೆಯಂತೆ. ನಾನು ಕೇಳಿದರೆ ಸಿಗುತ್ತದಾ?

ಉತ್ತರ: ಕೇಳಿ. ಆದರೆ ಕೇಳುವ ಮೊದಲು ಒಂದು ಕೆಲಸ ಆಗಬೇಕು. ಹಳೆಯ ಬೇರಿಂಗನ್ನು ಎಸೆಯಲು ಬಿಡಬೇಡಿ. ನಿಮ್ಮ ಕೈಯಲ್ಲಿರುವ ಒಂದೇ ಒಂದು ಸಾಕ್ಷಿ ಅದು. ಹೆಚ್ಚಿನವರು ಹೊಸದು ಹಾಕಿಸಿಕೊಂಡು ಮನೆಗೆ ಹೋಗುತ್ತಾರೆ, ಹಳೆಯದು ಗುಜರಿ ಡಬ್ಬ ಸೇರುತ್ತದೆ. ಆಮೇಲೆ ವಾದ ಮಾಡಲು ಏನೂ ಉಳಿಯುವುದಿಲ್ಲ.

ಬಿಚ್ಚುವಾಗ ನೀವೂ ಅಲ್ಲೇ ನಿಂತಿರಿ. ಮೇಲಿನ ಬೇರಿಂಗ್ ಯಾವುದು, ಕೆಳಗಿನದು ಯಾವುದು, ಅದರ ಯಾವ ಬದಿ ಸೈಕಲ್ಲಿನ ಮುಂದಕ್ಕಿತ್ತು ಎಂದು ಮಾರ್ಕರ್‌ನಲ್ಲಿ ಗುರುತು ಹಾಕಿ, ತೆಗೆಯುವ ಮೊದಲೇ ಫೋಟೊ ಹೊಡೆಯಿರಿ. ರಬ್ಬರ್ ಸೀಲನ್ನು ಮಾತ್ರ ಮನೆಯಲ್ಲಿ ಸುಮ್ನೆ ಕೀಳಬೇಡಿ. 'ನೀವೇ ಬಿಚ್ಚಿ ಹಾಳು ಮಾಡಿದ್ದೀರಿ' ಎನ್ನಲು ಅಷ್ಟೇ ಸಾಕು. ಅಂಗಡಿಯವರ ಕೈಯಲ್ಲೇ, ನಿಮ್ಮ ಎದುರೇ ತೆಗೆಸಿ.

ಒಳಗೆ ಏನು ಕಾಣುತ್ತದೆ ಎನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಗ್ರೀಸ್ ಕಂದು ಬಣ್ಣದ ನೀರಾಗಿದ್ದು, ಸುತ್ತಲೂ ಒಂದೇ ಸಮ ತುಕ್ಕು ಹಿಡಿದಿದ್ದರೆ ಅದು ನೀರಿನ ಕೆಲಸ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಸುರಿಯುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಮುಂದಿನ ಚಕ್ರ ಎರಚುವ ಕೆಸರು ನೀರು ನೇರ ಹೋಗಿ ಬಡಿಯುವುದು ಕೆಳಗಿನ ಬೇರಿಂಗ್‌ಗೆ. ಹಾಗಾಗಿ ಮೊದಲು ಹೋಗುವುದೂ ಅದೇ. ಅದರ ಜೊತೆಗೆ ಬೀಚಿನ ಉಪ್ಪು ಬೇರೆ. ನೀರು ಆರಿದರೂ ಉಪ್ಪು ಒಳಗೇ ಕೂತು ಗಾಳಿಯ ತೇವ ಎಳೆಯುತ್ತಲೇ ಇರುತ್ತದೆ. ಇಂಥ ತುಕ್ಕಿಗೆ ಕಂಪನಿಗಳು ವಾರಂಟಿ ಕೊಡುವುದು ತೀರಾ ಕಡಿಮೆ. ವಾರಂಟಿ ಪುಸ್ತಕದಲ್ಲಿ ಸಾಮಾನ್ಯವಾಗಿ ತಯಾರಿಕೆಯ ದೋಷಕ್ಕೆ ಮಾತ್ರ ಹೊಣೆ, ಸವೆತಕ್ಕೆ ಅಲ್ಲ ಎಂದು ಬರೆದಿರುತ್ತಾರೆ. ಬೇಸರದ ಮಾತೇ. ಆದರೆ ಅದರಲ್ಲಿ ಅನ್ಯಾಯ ಇದೆ ಎಂದು ನಾನು ಹೇಳಲಾರೆ.

ನಿಮ್ಮ ಪತ್ರ ಓದಿದರೆ ನನಗೆ ಅನುಮಾನ ಬೇರೆ ಕಡೆ ಹೋಗುತ್ತದೆ. ಹ್ಯಾಂಡಲ್ ನೇರಕ್ಕೆ ಬಂದಾಗಲೇ ಹಿಡಿಯುತ್ತದೆ ಎಂದಿದ್ದೀರಿ. ಹೆಡ್‌ಸೆಟ್ ಬೇರಿಂಗ್ ಚಕ್ರದ ಬೇರಿಂಗ್ ಹಾಗೆ ಗಿರಗಿರ ತಿರುಗುವುದಿಲ್ಲ. ನೇರ ರಸ್ತೆಯಲ್ಲಿ ಅದು ಆಚೀಚೆ ಅಲ್ಲಾಡುವುದು ಕೆಲವೇ ಡಿಗ್ರಿ. ಬೇರಿಂಗ್ ಒಳಗಿನ ಗುಂಡುಗಳು ಇದ್ದಲ್ಲೇ ಇರುತ್ತವೆ. ರಸ್ತೆಯ ಪ್ರತಿ ಹೊಂಡದ ಏಟೂ ಅದೇ ಜಾಗಕ್ಕೆ ಬೀಳುತ್ತದೆ. ಗುಂಡಿನ ಅಡಿಯ ಗ್ರೀಸ್ ಪಕ್ಕಕ್ಕೆ ಸರಿದು, ಲೋಹಕ್ಕೆ ಲೋಹ ಉಜ್ಜಿ, ಒಂದೊಂದು ಗುಂಡಿಗೂ ಒಂದೊಂದು ಸಣ್ಣ ಗುಳಿ ಆಗುತ್ತದೆ. ಹ್ಯಾಂಡಲ್ ನೇರವಾದಾಗ ಗುಂಡುಗಳು ಮತ್ತೆ ಆ ಗುಳಿಗಳಿಗೆ ಇಳಿಯುತ್ತವೆ. ನಿಮಗೆ ಕೇಳುವ ಟಕ್ ಅದೇ. ಹೆಡ್‌ಸೆಟ್ ಸಡಿಲ ಇದ್ದರೆ ಇದೆಲ್ಲ ಬೇಗ ಬೇಗ ಆಗುತ್ತದೆ. ಬ್ರೇಕ್ ಒತ್ತಿದಾಗಿನ ಕಟಕಟ ಸಡಿಲು ಇದೆ ಎಂದೇ ಹೇಳುತ್ತಿದೆ.

ಸಡಿಲು ಎಲ್ಲಿಂದ ಬಂತು? ಹೊಸ ಸೈಕಲ್ ಡಬ್ಬದಲ್ಲಿ ಅರ್ಧ ಜೋಡಿಸಿದ ಸ್ಥಿತಿಯಲ್ಲಿ ಬರುತ್ತದೆ. ಹ್ಯಾಂಡಲ್ ಕೂರಿಸಿ ಹೆಡ್‌ಸೆಟ್ ಬಿಗಿ ಸರಿಮಾಡುವುದು ಡೀಲರ್ ಕೆಲಸ. ಮೊದಲ ಕೆಲವು ವಾರಗಳಲ್ಲಿ ಬಿಡಿಭಾಗಗಳು ತಮ್ಮ ಜಾಗದಲ್ಲಿ ಕೂತು ಸ್ವಲ್ಪ ಸಡಿಲವಾಗುವುದು ಸಹಜ. ಮೊದಲ ಸರ್ವಿಸ್‌ನಲ್ಲಿ ಅದನ್ನು ಮತ್ತೆ ನೋಡಬೇಕು. ನೀವು ಆ ಸರ್ವಿಸ್ ಮಾಡಿಸಿದ್ದು, ಜಾಬ್ ಕಾರ್ಡ್ (ಮಾಡಿದ ಕೆಲಸ ಬರೆದ ಅಂಗಡಿ ಚೀಟಿ) ಇಟ್ಟುಕೊಂಡಿದ್ದರೆ ಡೀಲರ್ ಹತ್ತಿರ ಧೈರ್ಯವಾಗಿ ಕೇಳಬಹುದು. ಆಗ ಪ್ರಶ್ನೆ ಬೇರಿಂಗ್ ವಾರಂಟಿಯದ್ದಲ್ಲ, ಜೋಡಣೆ ಸರಿಯಾಗಿ ಆಗಿದೆಯಾ ಎನ್ನುವುದು. ಗ್ರಾಹಕ ಕಾನೂನಿನ ಪ್ರಕಾರ ಸೇವೆಯ ಕೊರತೆಯೂ ದೂರಿಗೆ ಕಾರಣವೇ.

ಮೂರನೆಯ ಸಾಧ್ಯತೆಯನ್ನು ಅಂಗಡಿಯಲ್ಲಿ ಅಪರೂಪಕ್ಕೆ ನೋಡುತ್ತಾರೆ. ನಿಮ್ಮ ಸೈಕಲ್‌ಗೆ ಅತಿ ಮುಖ್ಯ ಇದೇ ಇರಬಹುದು. ಸವೆತ ಬೇರಿಂಗ್‌ನ ಒಂದೇ ಬದಿಯಲ್ಲಿದೆಯಾ? ಇದ್ದರೆ ಬೇರಿಂಗ್ ಓರೆಯಾಗಿ ಕೂತಿದ್ದಿರಬಹುದು. ಫೋರ್ಕಿನ (ಮುಂದಿನ ಚಕ್ರ ಹಿಡಿದಿರುವ ಕವಲು) ಬುಡದ ಕ್ರೌನ್ ರೇಸ್, ಅಂದರೆ ಕೆಳಗಿನ ಬೇರಿಂಗ್ ಕೂರುವ ಬಳೆ, ಪೂರ್ತಿ ಇಳಿಯದೆ ಇದ್ದಿರಬಹುದು. ಬೇರಿಂಗ್ ಕೂರುವ ಜಾಗದಲ್ಲಿ ಪೇಂಟಿನ ಗಂಟು ಇರಬಹುದು. ಫ್ರೇಮಿನ ಮುಂದಿನ ಕೊಳವೆಯಾದ ಹೆಡ್ ಟ್ಯೂಬಿನ ಮೇಲಿನ ಬಾಯಿಯೂ ಕೆಳಗಿನ ಬಾಯಿಯೂ ಒಂದೇ ನೇರದಲ್ಲಿ ಇಲ್ಲದಿರಬಹುದು. ಈಗಿನ ಬಹಳಷ್ಟು ಸೈಕಲ್‌ಗಳಲ್ಲಿ ಬೇರಿಂಗ್ ನೇರ ಫ್ರೇಮಿನೊಳಗೇ ಕೂರುತ್ತದೆ, ನಡುವೆ ಬೇರೆ ಕಪ್ ಇಲ್ಲ. ಹಾಗಿದ್ದಾಗ ಕ್ರೌನ್ ರೇಸ್ ಸರಿಯಾಗಿ ಕೂತಿದ್ದೂ ಓರೆ ಇದ್ದರೆ ಅದು ಫ್ರೇಮಿನ ದೋಷ. ಫ್ರೇಮಿಗೆ ಲೈಫ್‌ಟೈಮ್ ವಾರಂಟಿ ಇದೆ ಅಲ್ವಾ? ನಿಮ್ಮ ಕ್ಲೇಮ್ ಅಲ್ಲಿಗೆ ಹೋಗಬೇಕು.

ಪರೀಕ್ಷೆ ಸುಲಭ. ಹೊಸ ಬೇರಿಂಗ್ ಹಾಕಿದ ಮೇಲೆ ಮುಂದಿನ ಚಕ್ರ ಎತ್ತಿ, ಹ್ಯಾಂಡಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ತಿರುಗಿಸಿ. ಕೇಬಲ್ ಎಳೆಯದಿದ್ದರೂ ಒಂದು ಕಡೆ ಹಗುರ, ಇನ್ನೊಂದು ಕಡೆ ಬಿಗಿ ಅನಿಸಿದರೆ ಓರೆ ಇರುವ ಸಾಧ್ಯತೆ ಹೆಚ್ಚು. ಅಂಥ ಫ್ರೇಮಿಗೆ ಎಷ್ಟು ಬೇರಿಂಗ್ ಹಾಕಿದರೂ ಉಳಿಯುವುದಿಲ್ಲ.

ಇನ್ನು ದೂರಿನ ವಿಷಯ. ಡೀಲರ್‌ಗೆ ಬಾಯಲ್ಲಿ ಹೇಳಿ ಬರಬೇಡಿ. ಬಿಲ್, ಫ್ರೇಮ್ ನಂಬರ್, ಫೋಟೊ ಸೇರಿಸಿ ಡೀಲರ್‌ಗೂ ಕಂಪನಿಗೂ ಇಮೇಲ್ ಹಾಕಿ. 'ಬೇರಿಂಗ್ ಹೋಯಿತು' ಎಂದು ಬರೆದರೆ 'ಸವೆತ' ಎಂದು ಒಂದೇ ಸಾಲಿನ ಉತ್ತರ ಬರುತ್ತದೆ. ಒಂದೇ ಬದಿ ಸವೆದದ್ದು ಕಂಡರೆ 'ಕೆಳಗಿನ ಬೇರಿಂಗ್ ಬಲಬದಿಯಲ್ಲಿ ಮಾತ್ರ ಸವೆದಿದೆ, ಹೆಡ್ ಟ್ಯೂಬ್ ಪರೀಕ್ಷಿಸಿ' ಎಂದು ಬರೆಯಿರಿ. ಅದಕ್ಕೆ ಹಾಗೆ ಉತ್ತರ ಕೊಡುವುದು ಕಷ್ಟ. ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಕೊನೆಯ ದಾರಿ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಎಲ್ಲಿದ್ದರೂ ಸರಿ. 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕ ಇಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಒಳಗೆ ಕೊಡಬೇಕು. ದೋಷ ಕಣ್ಣಿಗೆ ಗೊತ್ತಾಗದಿದ್ದರೆ ಆಯೋಗ ವಸ್ತುವನ್ನು ಪ್ರಯೋಗಾಲಯಕ್ಕೂ ಕಳಿಸಬಹುದು. ಹಳೆಯ ಬೇರಿಂಗ್ ಇಟ್ಟುಕೊಳ್ಳಿ ಎಂದದ್ದು ಇದಕ್ಕೂ ಸೇರಿಸಿಯೇ. ಆದರೂ ಕೆಲವು ನೂರು ರೂಪಾಯಿಯ ಬೇರಿಂಗ್‌ಗಾಗಿ ಅಲ್ಲಿವರೆಗೆ ಹೋಗಿ ಎಂದು ನಾನು ಹೇಳುವುದಿಲ್ಲ. ಫ್ರೇಮಿನ ದೋಷ ಇದ್ದರೆ ಖಂಡಿತ ಹೋಗಿ.

ಅಲ್ಲಿಯವರೆಗೆ ಈ ಸೈಕಲ್‌ನಲ್ಲಿ ಮಣಿಪಾಲದ ಇಳಿಜಾರು ಇಳಿಯಬೇಡಿ. ಹ್ಯಾಂಡಲ್ ನೇರಕ್ಕೆ ಹಿಡಿದುಕೊಂಡರೆ ಸಣ್ಣ ತಿರುವಿನಲ್ಲೂ ಸೈಕಲ್ ನೀವು ಹೇಳಿದಂತೆ ಕೇಳುವುದಿಲ್ಲ. ಇದು ನಿಜವಾಗಿ ಅಪಾಯ.

ಪ್ರಶ್ನೆ: ಸುರತ್ಕಲ್‌ನಲ್ಲಿ ಸಮುದ್ರದ ಹತ್ತಿರವೇ ಮನೆ. ಸ್ಟೈನ್‌ಲೆಸ್ ಬೇರಿಂಗ್ ಹಾಕಿಸಿದರೆ ಮತ್ತೆ ಮತ್ತೆ ಬದಲಿಸುವುದು ತಪ್ಪುತ್ತದಾ?

ಉತ್ತರ: ತುಕ್ಕು ಬಹಳ ಮಟ್ಟಿಗೆ ತಪ್ಪುತ್ತದೆ. ಗುಳಿ ಬೀಳುವುದು ತಪ್ಪುವುದಿಲ್ಲ, ಅದಕ್ಕೆ ಬಿಗಿ ಸರಿ ಇರಬೇಕು. ಬಿಗಿ ಮಾಡುವ ಕ್ರಮದಲ್ಲೇ ಜಾಸ್ತಿ ಜನ ತಪ್ಪುತ್ತಾರೆ. ಸ್ಟೆಮ್ಮಿನ (ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ತುಂಡು) ಬದಿಯ ಬೋಲ್ಟ್‌ಗಳನ್ನು ಮೊದಲು ಸಡಿಲಿಸಿ. ಮೇಲಿನ ಟಾಪ್ ಕ್ಯಾಪ್ ಬೋಲ್ಟನ್ನು ಅಲ್ಲಾಟ ನಿಲ್ಲುವಷ್ಟು ಮಾತ್ರ ತಿರುಗಿಸಿ. ಆಮೇಲೆ ಬದಿಯ ಬೋಲ್ಟ್ ಬಿಗಿಮಾಡಿ. ಎಷ್ಟು ಬಿಗಿ ಎನ್ನುವುದು ಸಾಮಾನ್ಯವಾಗಿ ಸ್ಟೆಮ್ ಮೇಲೇ ಬರೆದಿರುತ್ತದೆ, ಹೆಚ್ಚಾಗಿ 5 ನ್ಯೂಟನ್ ಮೀಟರ್ ಆಸುಪಾಸು. ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆಮುಂದೆ ಅಲ್ಲಾಡಿಸಿ, ಹೆಡ್ ಟ್ಯೂಬಿನ ಸಂದಿಗೆ ಬೆರಳಿಟ್ಟು ನೋಡಿ. ಸಡಿಲು ಇದ್ದರೆ ಬೆರಳಿಗೇ ಗೊತ್ತಾಗುತ್ತದೆ.

ಮಳೆಗಾಲದ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಬಿಚ್ಚಿ ಗ್ರೀಸ್ ಹಚ್ಚಿಸಿ. ಬೇರಿಂಗ್ ಕೂರುವ ಜಾಗಕ್ಕೂ ಹಚ್ಚಬೇಕು. ಉಪ್ಪುನೀರು ತಡೆಯುವ ಮೆರೀನ್ ಗ್ರೀಸ್ ಸಿಗುತ್ತದಾ ಎಂದು ದಕ್ಕೆಯ (ಮೀನುಗಾರಿಕೆ ಬಂದರು) ಕಡೆ ದೋಣಿ ಸಾಮಾನು ಮಾರುವ ಅಂಗಡಿಗಳಲ್ಲಿ ವಿಚಾರಿಸಿ. ಬೀಚಿನಿಂದ ಬಂದ ದಿನ ಬಕೆಟ್ ನೀರಲ್ಲಿ ತೊಳೆದರೆ ಸಾಕು. ಬೈಕ್ ತೊಳೆಯುವ ಪ್ರೆಷರ್ ಪೈಪನ್ನು ಹೆಡ್‌ಸೆಟ್ ಹತ್ತಿರ ತರಲೇಬೇಡಿ, ಅದು ಸೀಲ್ ದಾಟಿ ನೀರು ನುಗ್ಗಿಸುತ್ತದೆ.

ತರಿಸುವಾಗ ಅಳತೆ ನೋಡಿ. ಮೇಲಿನ ಬೇರಿಂಗ್ ಹೊರವ್ಯಾಸ 41 ಮಿ.ಮೀ.ಯದ್ದೂ ಇದೆ, 41.8ರದ್ದೂ ಇದೆ. ಕಣ್ಣಿಗೆ ಒಂದೇ ಥರ ಕಾಣುತ್ತವೆ, ಒಂದರ ಜಾಗಕ್ಕೆ ಇನ್ನೊಂದು ಆಗುವುದಿಲ್ಲ. ಅಂಚಿನ ಕೋನವೂ 36 ಡಿಗ್ರಿ, 45 ಡಿಗ್ರಿ ಎಂದು ಬೇರೆ ಬೇರೆ. ಹಳೆಯ ಬೇರಿಂಗ್ ಬದಿಯಲ್ಲಿ ಸಾಮಾನ್ಯವಾಗಿ ಇದನ್ನೆಲ್ಲ ಬರೆದಿರುತ್ತಾರೆ. ತುಕ್ಕು ಒರೆಸಿ ಓದಿ, ಅದನ್ನೇ ಅಂಗಡಿಗೆ ಹೇಳಿ.