ಎಲ್ಲರೂ ನಕ್ಕಾಗ ನಾನೂ ನಗ್ತೀನಿ, ಮೇಡಂ

ಕಂಪನಿಗಳು ತಮ್ಮ ಉದ್ಯೋಗಿಗಳಿಗಾಗಿ ಇಟ್ಟಿರುವ ಆಪ್ತಸಲಹೆ ಸೇವೆಯಲ್ಲಿ ನಾನು ಕೆಲಸ ಮಾಡುತ್ತೇನೆ. ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ಬೆಂಗಳೂರಿನ ಹೊರ ವರ್ತುಲ ರಸ್ತೆಯ ಆಚೀಚೆ ಇರುವ ಟೆಕ್ ಕಂಪನಿಗಳವರು. ಅಲ್ಲಿಂದ ಒಂದು ಬಗೆಯ ಪ್ರಕರಣ ಮತ್ತೆ ಮತ್ತೆ ಬರುತ್ತದೆ. ಕೆಲಸ ಚೆನ್ನಾಗಿ ಮಾಡುತ್ತಾರೆ, ಆದರೆ ತಂಡದಲ್ಲಿ ಬೆರೆಯುವುದಿಲ್ಲ ಅನ್ನುವ ದೂರು. ಅದರ ಹಿಂದೆ ಅವರು ಯಾರಿಗೂ ಹೇಳದ ಒಂದು ತೊಂದರೆ. ಒಬ್ಬರಿಗೆ ಫಿಟ್ಸ್, ಇನ್ನೊಬ್ಬರಿಗೆ ತೊದಲು, ಮತ್ತೊಬ್ಬರಿಗೆ ಕಿವಿ. ಇಲ್ಲಿ ಕಿವಿಯ ಪ್ರಕರಣವನ್ನು ಬರೆಯುತ್ತಿದ್ದೇನೆ. ಅದರಲ್ಲಿ ನಾನು ಕೊಟ್ಟ ಸಲಹೆಯನ್ನು ನನ್ನ ಜೊತೆಗಾರರೇ ಎಲ್ಲರೂ ಒಪ್ಪಿಲ್ಲ. ಸಂಬಂಧಪಟ್ಟವರ ಅನುಮತಿ ಕೇಳಿದ್ದೇನೆ. ಹೆಸರು, ಊರು, ಗುರುತು ಹತ್ತುವ ಕೆಲವು ವಿವರ ಬದಲಿಸಿದ್ದೇನೆ.

ಅವರನ್ನು ಶಶಿ ಅಂತ ಕರೆಯೋಣ. ಮೂವತ್ತು ದಾಟಿದ ವಯಸ್ಸು, ಮದುವೆಯಾಗಿದೆ, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ತಂಡದ ಅರ್ಧ ಜನ ಬೆಂಗಳೂರಿನಲ್ಲಿ, ಉಳಿದವರು ಐರ್ಲೆಂಡ್ ಮತ್ತು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ. ಮನೆಯಲ್ಲಿ ವಿನಾಕಾರಣ ಸಿಟ್ಟು ಬರುತ್ತದೆ, ಸಂಜೆ ಯಾರ ಜೊತೆಗೂ ಮಾತು ಬೇಡ ಅನ್ನಿಸುತ್ತದೆ ಎಂದು ಹೆಂಡತಿಯ ಒತ್ತಾಯಕ್ಕೆ ಬಂದಿದ್ದರು. ಕೂತವರೇ ಮೊದಲು ಕೇಳಿದ್ದು, ಎಲ್ಲರೂ ಕೇಳುವಂತೆ, ‘ಇದು ಎಚ್‌ಆರ್‌ಗೆ ಹೋಗುತ್ತಾ?’ ಹೋಗುವುದಿಲ್ಲ. ಎಷ್ಟು ಜನ ಬಂದರು ಅನ್ನುವ ಲೆಕ್ಕ ಮಾತ್ರ ಕಂಪನಿಗೆ ಹೋಗುತ್ತದೆ.

ಮಾತಾಡುವಾಗ ಅವರ ಕಣ್ಣು ನನ್ನ ತುಟಿಯ ಮೇಲೇ ಇತ್ತು. ಕೂದಲು ಕಿವಿ ಮುಚ್ಚುವಷ್ಟು ಉದ್ದ. ಕೇಳಿದೆ. ‘ಸ್ವಲ್ಪ ಕಡಿಮೆ ಕೇಳಿಸುತ್ತೆ’ ಅಂದರು. ಹೈಸ್ಕೂಲಿನಲ್ಲಿ ಶುರುವಾದದ್ದಂತೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಿ ಶ್ರವಣ ಸಾಧನ ಕೊಡಿಸಿದ್ದರು. ಆದರೆ ಮನೆಯಲ್ಲಿ ಒಂದು ಕಟ್ಟಪ್ಪಣೆ: ತಂಗಿಯ ಮದುವೆ ಆಗುವವರೆಗೆ ಯಾರಿಗೂ ಗೊತ್ತಾಗಬಾರದು. ವಂಶದಲ್ಲೇ ಇದೆ ಅಂತ ಗಂಡಿನ ಕಡೆಯವರು ಹಿಂದೆ ಸರಿದರೆ? ಆ ತಂಗಿಗೆ ಈಗ ಇಬ್ಬರು ಮಕ್ಕಳು. ಶಶಿಯ ಕೂದಲು ಮಾತ್ರ ಹಾಗೇ ಉಳಿದಿದೆ. ಅಮ್ಮಂದಿರನ್ನು ಇಲ್ಲಿ ದೂರುವುದಿಲ್ಲ. ಹೆಣ್ಣುಮಗಳ ಸಂಬಂಧ ಮುರಿದುಬಿದ್ದರೆ ಏನಾಗುತ್ತದೆ ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಆಫೀಸಿನ ಕಥೆಯಲ್ಲಿ ನನ್ನ ಗಮನ ಹಿಡಿದದ್ದು ಮ್ಯಾನೇಜರ್ ಹೇಳಿದ ಒಂದು ಮಾತು. ‘ಅಮೆರಿಕದವರ ಹತ್ರ ಚೆನ್ನಾಗಿ ಮಾತಾಡ್ತೀರಿ, ನಮ್ಮವರ ಹತ್ರ ಮಾತ್ರ ಬಾಯಿ ಬಿಡಲ್ಲ.’ ಮ್ಯಾನೇಜರ್ ಸುಳ್ಳು ಹೇಳಿರಲಿಲ್ಲ. ಅಮೆರಿಕದ ಕರೆ ರಾತ್ರಿ 9 ಗಂಟೆಗೆ. ಶಶಿ ಅದನ್ನು ಮನೆಯಿಂದ ತೆಗೆದುಕೊಳ್ಳುತ್ತಾರೆ. ಹೆಡ್‌ಫೋನ್ ಇರುತ್ತದೆ, ಎಲ್ಲರ ಮುಖ ಕಾಣುತ್ತದೆ, ಕೆಳಗೆ ಕ್ಯಾಪ್ಷನ್, ಅಂದರೆ ಆಡಿದ ಮಾತಿನ ಬರಹ, ಓಡುತ್ತದೆ. ಹಗಲಿನ ಸಭೆ ಆಫೀಸಿನ ಗಾಜಿನ ರೂಮಿನಲ್ಲಿ. ಉದ್ದದ ಮೇಜು, ನಡುವೆ ಒಂದೇ ಮೈಕ್, ಮೂವರು ಒಟ್ಟಿಗೆ ಮಾತಾಡುತ್ತಾರೆ, ಒಬ್ಬರು ಬೋರ್ಡಿನ ಕಡೆ ತಿರುಗಿಕೊಂಡೇ ವಿವರಿಸುತ್ತಾರೆ. ಅಲ್ಲಿ ಕ್ಯಾಪ್ಷನ್ ಹಾಕಿದರೂ ಯಾರು ಹೇಳಿದ್ದು ಅಂತ ತಿಳಿಯುವುದಿಲ್ಲ, ಎಲ್ಲರ ಮಾತೂ ಆ ರೂಮಿನ ಹೆಸರಿನಲ್ಲೇ ಬರುತ್ತದೆ. 2020ರಲ್ಲಿ ಎಲ್ಲರೂ ಮನೆಯಿಂದ ಕೆಲಸ ಮಾಡುವಾಗ ಶಶಿಗೆ ಒಳ್ಳೆಯ ರೇಟಿಂಗ್ ಬಂದಿತ್ತು. ಆಫೀಸು ಮತ್ತೆ ತೆರೆದ ಮೇಲೆ ಇಳಿಯಿತು. ಈ ಎರಡನ್ನೂ ಯಾರೂ ಪಕ್ಕಪಕ್ಕ ಇಟ್ಟು ನೋಡಲಿಲ್ಲ. ಅಹಂಕಾರ ಅಂದುಕೊಂಡರು.

ಕಿವಿಯ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. ಶಶಿಗೆ ಶಬ್ದ ಕೇಳಿಸುತ್ತದೆ, ಪದ ಬಿಡಿಸುವುದಕ್ಕೆ ಆಗುವುದಿಲ್ಲ. ಎತ್ತರದ ಕಂಪನಾಂಕಗಳು ಹೋದಾಗ ಸ, ಷ, ಫ, ತ ತರಹದ ಧ್ವನಿಗಳು ಮೊದಲು ಕಳೆದುಹೋಗುತ್ತವೆ, ಸ್ವರಗಳು ಉಳಿಯುತ್ತವೆ. ಮಳೆಯಲ್ಲಿ ನೆನೆದ ಕಾಗದ ಓದಿದ ಹಾಗೆ, ಅಲ್ಲಲ್ಲಿ ಅಕ್ಷರ ಇದೆ, ಉಳಿದದ್ದನ್ನು ಊಹಿಸಬೇಕು. ಶ್ರವಣ ಸಾಧನ ಎದುರಿನವರ ಮಾತಿನ ಜೊತೆಗೆ ಎಸಿಯ ಸದ್ದನ್ನೂ ಕುರ್ಚಿ ಎಳೆಯುವ ಸದ್ದನ್ನೂ ದೊಡ್ಡದು ಮಾಡುತ್ತದೆ. ದಿನವಿಡೀ ಹೀಗೆ ಊಹಿಸಿ ಊಹಿಸಿ ಮಿದುಳು ಸುಸ್ತಾಗುತ್ತದೆ. ಸಂಜೆಯ ಸಿಟ್ಟಿಗೆ ಇದೇ ದೊಡ್ಡ ಕಾರಣ. ಇದನ್ನು ವಿವರಿಸಿದಾಗ ಶಶಿ ತುಂಬ ಹೊತ್ತು ಸುಮ್ಮನೆ ಕೂತರು. ತಾನು ಕೆಟ್ಟ ಗಂಡ ಅಂತಲೇ ಅವರು ನಂಬಿದ್ದರು.

ಕೆಲವು ವಾರ ಕಳೆದವು. ಸಾಧನ ಹಳೆಯದಾಗಿದೆ, ಮತ್ತೊಮ್ಮೆ ಪರೀಕ್ಷೆ ಮಾಡಿಸಿ ಅಂದೆ. ಮಾಡಿಸಿದರು. ಆಫೀಸಿನಲ್ಲಿ ಹೇಳುವ ಮಾತು ಬಂದರೆ ಮಾತ್ರ ಬೇರೆ ಕಡೆ ಹೊರಳುತ್ತಿದ್ದರು. ‘ರೇಟಿಂಗ್ ಮುಗೀಲಿ ಮೇಡಂ.’ ‘ಹೊಸ ಡೈರೆಕ್ಟರ್ ಬರ್ತಾರಂತೆ, ನೋಡೋಣ.’

ಆಮೇಲೊಂದು ದಿನ ಬಂದವರು ಕೂರುವ ಮೊದಲೇ ಅಂದರು, ‘ಒಂದು ತಪ್ಪಾಗಿ ಹೋಗಿದೆ.’

ಸಭೆ ಶುರುವಾಗುವ ಮುಂಚೆ ಎಲ್ಲರೂ ಹರಟುತ್ತಿದ್ದರು. ಯಾರೋ ಏನೋ ಹೇಳಿದರು, ಎಲ್ಲರೂ ನಕ್ಕರು. ಶಶಿಯೂ ನಕ್ಕರು. ‘ಎಲ್ಲರೂ ನಕ್ಕಾಗ ನಾನೂ ನಗ್ತೀನಿ ಮೇಡಂ. ಯಾಕೆ ಅಂತ ಗೊತ್ತಿರಲ್ಲ. ಎಷ್ಟೋ ವರ್ಷದಿಂದ ಹಾಗೇ.’ ಆಗ ಪಕ್ಕದ ಕುರ್ಚಿಯ ಸಹೋದ್ಯೋಗಿ ಅವರ ಕಡೆ ತಿರುಗಿ, ತಗ್ಗಿದ ದನಿಯಲ್ಲಿ ಏನೋ ಹೇಳಿದರು. ಕೇಳಿಸಲಿಲ್ಲ. ಅದೇ ತಮಾಷೆ ಮುಂದುವರಿದಿದೆ ಅಂದುಕೊಂಡು ಶಶಿ ನಗುತ್ತಾ ತಲೆ ಆಡಿಸಿದರು. ಆಕೆ ಹೇಳಿದ್ದು, ತನ್ನ ತಂದೆಯನ್ನು ಹಿಂದಿನ ರಾತ್ರಿ ಐಸಿಯುಗೆ ಸೇರಿಸಿದ್ದಾರೆ ಅಂತ. ಶಶಿಗೆ ಇದು ಗೊತ್ತಾದದ್ದು ಸಂಜೆ, ಬೇರೆಯವರಿಂದ. ಅಷ್ಟು ಹೊತ್ತಿಗೆ ಆಕೆ ಬೇರೆ ಸೀಟಿಗೆ ಹೋಗಿ ಕೂತಿದ್ದರು.

‘ನನ್ನ ಬಗ್ಗೆ ಏನು ಅಂದ್ಕೊಂಡಿರ್ತಾರೆ?’ ಅಂದರು ಶಶಿ.

ನಾನು ಸಮಾಧಾನ ಹೇಳಲಿಲ್ಲ. ‘ಕಲ್ಲುಮನಸ್ಸಿನವರು ಅಂದುಕೊಂಡಿರುತ್ತಾರೆ’ ಅಂದೆ. ‘ನಿಮಗೆ ಕೇಳಿಸಲ್ಲ ಅಂತ ಅವರಿಗೆ ಗೊತ್ತಿಲ್ಲ. ಗೊತ್ತಾಗದ ಹಾಗೆ ನೋಡಿಕೊಂಡಿದ್ದೀರಿ. ಇಷ್ಟು ದಿನ ಇದರ ನೋವು ನಿಮ್ಮೊಬ್ಬರದು ಅಂತ ಇಬ್ಬರೂ ಮಾತಾಡುತ್ತಿದ್ದೆವು. ಇವತ್ತು ಅವರಿಗೂ ನೋವಾಗಿದೆ, ಅಲ್ವಾ?’

ಅವರ ಕಣ್ಣು ತುಂಬಿತು. ‘ಹೇಳಿದ್ರೆ ಕಿವುಡ ಅಂತ ಹೆಸರಿಡ್ತಾರೆ.’

‘ಈಗಾಗಲೇ ಒಂದು ಹೆಸರು ಇಟ್ಟಿದ್ದಾರೆ. ಅದರಲ್ಲಿ ಸತ್ಯ ಇಲ್ಲ.’

ನನ್ನ ಸಲಹೆ ಇಷ್ಟು. ಎಚ್‌ಆರ್ ಆಮೇಲೆ, ಮ್ಯಾನೇಜರ್ ಆಮೇಲೆ, ಮೊದಲು ಆ ಸಹೋದ್ಯೋಗಿಗೆ ಹೇಳಿ. ಅವರ ತಂದೆ ಹೇಗಿದ್ದಾರೆ ಅಂತ ಕೇಳಿ, ಅವತ್ತು ಯಾಕೆ ನಕ್ಕೆ ಅಂತ ಹೇಳಿ. ಅದಾದ ಮೇಲೆ ಮ್ಯಾನೇಜರ್‌ಗೆ, ನಂತರ ತಂಡಕ್ಕೆ. ತಂಡಕ್ಕೆ ಹೇಳುವಾಗ ಚರಿತ್ರೆ ಬೇಡ, ಕ್ಷಮೆಯೂ ಬೇಡ. ನಿಮ್ಮ ಜೊತೆ ಹೇಗೆ ಕೆಲಸ ಮಾಡಬೇಕು ಅನ್ನುವುದನ್ನು ಮಾತ್ರ ಹೇಳಿ. ಇಬ್ಬರೂ ಕೂತು ಬರೆದೆವು: ‘ನನಗೆ ಎರಡೂ ಕಿವಿ ಮಂದ. ಮುಖ ಕಂಡರೆ ಚೆನ್ನಾಗಿ ಅರ್ಥವಾಗುತ್ತದೆ. ಒಬ್ಬರಾದ ಮೇಲೆ ಒಬ್ಬರು ಮಾತಾಡಿ. ಸಭೆಯಲ್ಲಿ ಎಲ್ಲರೂ ಲ್ಯಾಪ್‌ಟಾಪಿನಿಂದಲೇ ಸೇರೋಣ, ಕ್ಯಾಪ್ಷನ್ ಇರಲಿ. ತೀರ್ಮಾನಗಳನ್ನು ಚಾಟ್‌ನಲ್ಲಿ ಬರೆಯಿರಿ. ನಾನು ಮತ್ತೆ ಕೇಳಿದರೆ ಮತ್ತೆ ಹೇಳಿ, ‘ಏನಿಲ್ಲ ಬಿಡಿ’ ಅನ್ನಬೇಡಿ.’ ಕೊನೆಯ ವಾಕ್ಯ ಅವರದೇ. ಬರೆಯುವಾಗ ಪೆನ್ನನ್ನು ಒತ್ತಿ ಹಿಡಿದಿದ್ದರು.

ನನ್ನದೂ ಒಂದು ಷರತ್ತು ಇತ್ತು. ಇನ್ನು ಮುಂದೆ ಕೇಳಿಸದಿದ್ದರೆ ತಲೆ ಆಡಿಸುವಂತಿಲ್ಲ. ‘ಕೇಳಿಸಲಿಲ್ಲ’ ಅನ್ನಬೇಕು.

ನಮ್ಮ ಸಲಹೆಗಾರರ ಗುಂಪಿನಲ್ಲಿ ಇದನ್ನು ಚರ್ಚೆಗೆ ಇಟ್ಟಾಗ ಆಕ್ಷೇಪ ಬಂತು. ತೊಂದರೆ ಇರುವವರ ಮೇಲೇ ಮತ್ತೆ ಹೊರೆ ಹಾಕಿದಿರಿ, ಸಭೆ ಸರಿಮಾಡಬೇಕಾದ್ದು ಕಂಪನಿ, ಶಶಿಯಲ್ಲ ಅಂದರು. ಎರಡನೇ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ನನ್ನ ಎದುರು ಕೂತಿದ್ದದ್ದು ಶಶಿ. ಕಂಪನಿ ಬದಲಾಗುವವರೆಗೆ ಅಹಂಕಾರಿ ಅನ್ನಿಸಿಕೊಂಡೇ ಇರಿ ಅಂತ ಹೇಳುವುದಕ್ಕೆ ನನಗೆ ಆಗುವುದಿಲ್ಲ. ಕಾನೂನು ಹಿಡಿಯಬೇಕಿತ್ತು ಅಂದವರೂ ಇದ್ದರು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಒಳ್ಳೆಯ ಕಾಯ್ದೆ. ಅದರ ಪ್ರಕಾರ ಖಾಸಗಿ ಕಂಪನಿಯೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕು. 20 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಇದಕ್ಕೆಂದೇ ಒಬ್ಬ ಅಧಿಕಾರಿ ಇರಬೇಕು. ಅವರ ಹೆಸರು ಹುಡುಕಿಕೊಳ್ಳಿ ಅಂತ ಶಶಿಗೂ ಹೇಳಿದೆ. ಆದರೆ ಅದೇ ಕಾಯ್ದೆ ಶ್ರವಣ ದೋಷ ಅಂತ ಒಪ್ಪುವುದು ಎರಡೂ ಕಿವಿಯಲ್ಲಿ 60 ಡೆಸಿಬೆಲ್ ನಷ್ಟ ಇದ್ದಾಗ. ಶಶಿಯ ಬಲಗಿವಿಯ ನಷ್ಟ ಅಷ್ಟಿರಲಿಲ್ಲ, ಆ ಗೆರೆಯ ಈಚೆಗೆ ಉಳಿಯಿತು. ಆ ಗೆರೆಯ ಈಚೆ ಇರುವವರೂ ದಿನವೂ ಸಭೆಗೆ ಹೋಗಬೇಕು.

ಎಲ್ಲರಿಗೂ ‘ಹೇಳಿ’ ಅನ್ನುವುದಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಮ್ಯಾನೇಜರ್ ಬೇರೆಯವರ ಕಾಯಿಲೆಯನ್ನು ಆಡಿಕೊಂಡದ್ದನ್ನು ಕಂಡವರಿಗೆ, ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರಿಗೆ, ಪ್ರೊಬೇಷನ್‌ನಲ್ಲಿ ಇರುವವರಿಗೆ ಕಾಯಿರಿ ಅಂದಿದ್ದೇನೆ. ಶಶಿಗೆ ಹೇಳಿ ಅಂದದ್ದಕ್ಕೆ ಎರಡು ಕಾರಣ. ಮೌನದಿಂದ ಆಗಬಹುದಾದ ನಷ್ಟ ಆಗಲೇ ಆಗಿಹೋಗಿತ್ತು. ಜೊತೆಗೆ, ಅವರಿಗೆ ಬೇಕಾದದ್ದನ್ನು ಅದೇ ರೂಮಿನಲ್ಲಿ ಕೂರುವವರೇ ಕೊಡಬೇಕಿತ್ತು. ಶಶಿಯ ಕಡೆ ಮುಖ ಮಾಡಿ ಮಾತಾಡಿ ಅನ್ನುವುದನ್ನು ಎಚ್‌ಆರ್ ಎಷ್ಟು ಇಮೇಲ್ ಕಳಿಸಿದರೂ ಮಾಡಿಸಲಾರದು.

ಮಾನಸಿಕ ಸುರಕ್ಷತೆ, ಅಂದರೆ ಪ್ರಶ್ನೆ ಕೇಳಿದರೆ, ತಪ್ಪು ಒಪ್ಪಿಕೊಂಡರೆ ತಂಡದಲ್ಲಿ ಯಾರೂ ಹೀಯಾಳಿಸುವುದಿಲ್ಲ ಅನ್ನುವ ನಂಬಿಕೆ. ಇದನ್ನು ಈಗ ಅನೇಕ ದೊಡ್ಡ ಟೆಕ್ ಕಂಪನಿಗಳು ತರಬೇತಿಯಲ್ಲಿ ಹೇಳಿಕೊಡುತ್ತವೆ. ತಂಡಗಳ ಬಗ್ಗೆ ಈ ವಿಚಾರವನ್ನು 1999ರಲ್ಲಿ ವಿವರವಾಗಿ ಬರೆದವರು ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್. ಆಮೇಲೆ ಗೂಗಲ್ ತನ್ನ 180ರಷ್ಟು ತಂಡಗಳನ್ನು ನೋಡಿ, ಒಳ್ಳೆಯ ತಂಡದ ಗುಣಗಳಲ್ಲಿ ಇದೇ ಮುಖ್ಯ ಅಂತ ಕಂಡುಕೊಂಡಿತು. ಅದು ಸ್ಲೈಡಿನಲ್ಲಿ ಕಾಣುವಾಗ ಎಲ್ಲರೂ ಒಪ್ಪುತ್ತಾರೆ. ನನಗೆ ಅದರ ಅಳತೆ ಒಂದೇ: ನಿಮ್ಮ ಸಭೆಯಲ್ಲಿ ಒಬ್ಬರು ‘ಕೇಳಿಸಲಿಲ್ಲ, ಮತ್ತೆ ಹೇಳಿ’ ಅಂತ ಮೂರನೇ ಸಲ ಕೇಳಿದರೆ ಉಳಿದವರು ಏನು ಮಾಡುತ್ತಾರೆ? ತಂಡ ನಡೆಸುವವರು ಇದನ್ನು ಓದುತ್ತಿದ್ದರೆ ನಾಳೆಯೇ ಒಂದು ಕೆಲಸ ಮಾಡಿ. ಯಾರೂ ಕೇಳುವವರೆಗೆ ಕಾಯದೆ ಎಲ್ಲ ಸಭೆಗೂ ಕ್ಯಾಪ್ಷನ್ ಹಾಕಿ, ತೀರ್ಮಾನಗಳನ್ನು ಬರೆದು ಕಳಿಸಿ. ಶಶಿಯಂಥವರು ನಿಮ್ಮ ತಂಡದಲ್ಲಿದ್ದರೆ ಬಾಯಿ ಬಿಡದೆಯೇ ಉಪಯೋಗ ಪಡೆಯುತ್ತಾರೆ. ಐರ್ಲೆಂಡಿನವರ ಉಚ್ಚಾರಣೆ ಹಿಡಿಯಲಾಗದೆ ಸುಮ್ಮನಿರುವ ಹೊಸ ಹುಡುಗಿಗೂ ಅನುಕೂಲ.

ಶಶಿ ಹೇಳಿದರು. ಆ ಸಹೋದ್ಯೋಗಿಗೆ ಕ್ಯಾಂಟೀನಿನ ಗಲಾಟೆಯಲ್ಲಿ ಹೇಳುವುದಕ್ಕೆ ಆಗದೆ, ಕಾರಿಡಾರಿಗೆ ಕರೆದು ಹೇಳಿದರಂತೆ. ಆಕೆಗೆ ಸಿಟ್ಟು ಬಂತಂತೆ: ‘ಎರಡು ವರ್ಷ ಪಕ್ಕದಲ್ಲಿ ಕೂತಿದ್ದೀವಿ, ಮೊದಲೇ ಹೇಳೋಕೇನು?’ ಆ ಸಿಟ್ಟು ಕೇಳಿ ಹಗುರವಾಯಿತು ಅಂದರು ಶಶಿ. ಐರ್ಲೆಂಡಿನ ಒಬ್ಬ ಹಿರಿಯರು, ನೀನು ನನ್ನನ್ನು ಇಷ್ಟಪಡುವುದಿಲ್ಲ ಅಂದುಕೊಂಡಿದ್ದೆ ಅಂತ ಬರೆದರಂತೆ.

ಎಲ್ಲವೂ ಸರಿಹೋಗಿಲ್ಲ. ಆ ವರ್ಷದ ರೇಟಿಂಗ್ ಬದಲಾಗಲಿಲ್ಲ. ಬೋರ್ಡಿನ ಕಡೆ ತಿರುಗಿ ಮಾತಾಡುವವರು ಈಗಲೂ ಮರೆಯುತ್ತಾರೆ, ಶಶಿ ಈಗಲೂ ಕೈ ಎತ್ತಿ ನೆನಪಿಸುತ್ತಾರೆ. ಅದೇ ಒಂದು ಆಯಾಸ ಅನ್ನುತ್ತಾರೆ. ಊಟದ ಮೇಜಿನ ಹರಟೆ ಇನ್ನೂ ಕೈಗೆ ಸಿಕ್ಕಿಲ್ಲ. ಒಬ್ಬಿಬ್ಬರ ಜೊತೆ ಮೂಲೆಯ ಮೇಜಿನಲ್ಲಿ ಕೂತು ಉಂಡರೆ ಆಗುತ್ತದೆ ಅಂತ ಕಂಡುಕೊಂಡಿದ್ದಾರೆ. ಉದ್ದದ ಮೇಜಿನ ರೂಮಿಗೆ ಇನ್ನೊಂದು ಮೈಕ್ ಬೇಕೆಂದು ಅವರ ಮ್ಯಾನೇಜರ್ ಹಾಕಿದ ಮನವಿ ಇನ್ನೂ ಬಾಕಿ ಇದೆ. ಅಲ್ಲಿಯವರೆಗೆ ತಂಡ ಆ ರೂಮನ್ನು ಬುಕ್ ಮಾಡುವುದನ್ನೇ ಬಿಟ್ಟಿದೆ.